ಅಚ್ಚುಮೊಳೆ ಕೊರೆದ ಫರ್ದುನ್‌ಜಿ

ಜುಲೈ ಒಂದು ಬಂತೆಂದರೆ ನಮ್ಮ ಕನ್ನಡ ಸಂಘಕ್ಕೆ ಪತ್ರಿಕಾ ದಿನದ ನೆನಪಾಗುತ್ತದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, ಅದು ಕನ್ನಡದ ಮೊದಲ ಪತ್ರಿಕೆ. ಇಷ್ಟು ನಮಗೆಲ್ಲ ಬಾಯಿಪಾಠ. ಈ ಸಲ ಅದರ ಮೇಲೆ ಹದಿನೈದು ನಿಮಿಷ ಮಾತಾಡುವ ಕೆಲಸ ನನ್ನ ತಲೆಗೆ ಬಂತು. ಬೇಡ ಅನ್ನಲಿಕ್ಕೆ ಧೈರ್ಯ ಸಾಲಲಿಲ್ಲ, ಒಪ್ಪಿಕೊಂಡೆ.

ನಮ್ಮ ಅಪ್ಪ ಕೋಟೆಯಲ್ಲಿ, ಅಂದರೆ ಫೋರ್ಟಿನಲ್ಲಿ, ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ಮೂವತ್ತು ವರ್ಷದ ಮೇಲಾಯಿತು. ಓದಿದ್ದು ಕಮ್ಮಿ, ಆದರೆ ಆ ಭಾಗದ ಕಲ್ಲು ಕಟ್ಟಡ ಒಂದೊಂದೂ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ನನ್ನ ಭಾಷಣದ ವಿಷಯ ಹೇಳಿದೆ. ಜುಲೈ ಒಂದು ಅಂತ ಕೇಳಿದ ಕೂಡಲೆ ಅಪ್ಪ, ಹಾರ್ನಿಮನ್ ಸರ್ಕಲಿನ ಕೆಂಪು ಬಿಲ್ಡಿಂಗಿನವರದ್ದೂ ಅದೇ ದಿವಸ ಉಂಟಲ್ಲ ಮಾರಾಯ ಅಂದರು. ಆ ಕೆಂಪು ಕಟ್ಟಡ ‘ಮುಂಬೈ ಸಮಾಚಾರ’ ಎಂಬ ಗುಜರಾತಿ ದಿನಪತ್ರಿಕೆಯದ್ದು. ರೆಡ್ ಹೌಸ್ ಅಂತಲೇ ಅದಕ್ಕೆ ಹೆಸರು. ನಾನು ನಂಬಲಿಲ್ಲ. ಮಾರನೆ ದಿನ ಗ್ರಂಥಾಲಯದಲ್ಲಿ ಹುಡುಕಿದರೆ ಅಪ್ಪ ಹೇಳಿದ್ದೇ ಸರಿ. ಅದರ ಮೊದಲ ಸಂಚಿಕೆ ಹೊರಬಂದದ್ದು 1822ರ ಜುಲೈ 1, ಸೋಮವಾರ. ನಮ್ಮ ‘ಸಮಾಚಾರ’ಕ್ಕಿಂತ ಸರಿಯಾಗಿ ಇಪ್ಪತ್ತೊಂದು ವರ್ಷ ಮೊದಲು, ಅದೇ ದಿನ, ಹೆಸರಿನಲ್ಲಿ ಅದೇ ಶಬ್ದ. ಇದು ಕಾಕತಾಳೀಯ ಇರಬಹುದು. ಆದರೆ ನನ್ನ ಭಾಷಣ ಅಲ್ಲಿಗೇ ದಾರಿ ತಪ್ಪಿತು. ಮಂಗಳೂರಿಗೆ ಹೋಗಬೇಕಾದವನು ಮುಂಬಯಿಯ ಕೋಟೆಯೊಳಗೇ ಸಿಕ್ಕಿಬಿದ್ದೆ. ಆ ಪತ್ರಿಕೆ ಶುರುಮಾಡಿದ ಫರ್ದುನ್‌ಜಿ ಮರ್ಜಬಾನ್ ಎಂಬ ಮನುಷ್ಯ ನನ್ನನ್ನು ಬಿಡಲಿಲ್ಲ.

ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಹಿರಿಯರು ಕ್ಷಮಿಸಬೇಕು. ನನಗೆ ಅವನ ಪರಿಚಯವಾದದ್ದೇ ಹದಿನೆಂಟು ವರ್ಷದ ಹುಡುಗನಾಗಿ, ಹೆಚ್ಚುಕಮ್ಮಿ ನಮ್ಮ ತರಗತಿಯವನ ಹಾಗೆ.

ಫರ್ದುನ್‌ಜಿ ಹುಟ್ಟಿದ್ದು 1787ರಲ್ಲಿ, ಸೂರತ್ತಿನಲ್ಲಿ. ಪಾರ್ಸಿಗಳಲ್ಲಿ ಪುರೋಹಿತರ ಮನೆತನ. ಅಂಥ ಮನೆಯ ಹುಡುಗ ಏನಾಗಬೇಕು ಅಂತ ಮೊದಲೇ ನಿಶ್ಚಯವಾಗಿರುತ್ತದೆ: ಅಗಿಯಾರಿಯಲ್ಲಿ ಬೆಂಕಿಯ ಮುಂದೆ ನಿಂತು ಮಂತ್ರ ಹೇಳಬೇಕು. ಆದರೆ ಆ ಹೊತ್ತಿಗೆ ಸೂರತ್ತಿನ ಬಂದರು ಇಳಿಮುಖವಾಗಿ, ಹಣ, ಹಡಗು, ಜನ ಎಲ್ಲ ಮುಂಬಯಿ ಕಡೆ ಹರಿಯುತ್ತಿತ್ತು. 1805ರಲ್ಲಿ ಇವನೂ ಬಂದ. 1803ರ ದೊಡ್ಡ ಬೆಂಕಿಯಲ್ಲಿ ಕೋಟೆಯ ಒಂದು ಭಾಗವೇ ಸುಟ್ಟುಹೋಗಿ ಎರಡೇ ವರ್ಷವಾಗಿತ್ತು. ಸುಟ್ಟು ಮತ್ತೆ ಏಳುತ್ತಿದ್ದ ಊರು ಅವನು ಕಂಡದ್ದು. ನಮ್ಮ ಅಜ್ಜಂದಿರು ಕಾರ್ಕಳದಿಂದ, ಕುಂದಾಪುರದಿಂದ ಬೋಟು ಹತ್ತಿ ಬಂದದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇಲ್ಲ, ನೂರು ವರ್ಷದ್ದು ಬಿಟ್ಟರೆ.

ಮುಂಬಯಿಯಲ್ಲಿ ಅವನಿಗೆ ಸಿಕ್ಕಿದ ಗುರು ಮುಲ್ಲಾ ಫಿರೋಜ್. ಈ ಮುಲ್ಲಾ ಫಿರೋಜರ ಕಥೆಯೇ ಒಂದು ಕಾದಂಬರಿಗೆ ಸಾಕು. 1768ರಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ತಂದೆಯ ಜೊತೆ ಇರಾನಿಗೆ ಹೋದವರು ಮರಳಿದ್ದು 1780ರಲ್ಲಿ. ಹೋದದ್ದು ವ್ಯಾಪಾರಕ್ಕಲ್ಲ, ಪಂಚಾಂಗದ ಒಂದು ಲೆಕ್ಕ ಸರಿಯೋ ತಪ್ಪೋ ಕೇಳಿಕೊಂಡು ಬರಲಿಕ್ಕೆ. ಆ ಲೆಕ್ಕ ಏನೆಂಬುದು ಮುಂದೆ ಬರುತ್ತದೆ, ಈಗ ಬೇಡ. ಫಾರಸಿ, ಅರಬಿ ಕರಗತವಾಗಿದ್ದ ದೊಡ್ಡ ವಿದ್ವಾಂಸರು. ಅವರ ಹಸ್ತಪ್ರತಿಗಳ ಭಂಡಾರದ ನಡುವೆ ಫರ್ದುನ್‌ಜಿ ಕಲಿತ. ಆ ಭಂಡಾರ ಈಗ ಕೆ. ಆರ್. ಕಾಮಾ ಓರಿಯಂಟಲ್ ಇನ್‌ಸ್ಟಿಟ್ಯೂಟಿನಲ್ಲಿದೆ. ಹಿಂದೆ ಅಪೋಲೋ ಸ್ಟ್ರೀಟ್ ಆಗಿದ್ದ ಆ ರಸ್ತೆಗೆ ಈಗ ಮುಂಬೈ ಸಮಾಚಾರ್ ಮಾರ್ಗ ಅಂತ ಹೆಸರು. ಗುರುವಿನ ಪುಸ್ತಕಗಳು ಶಿಷ್ಯನ ಪತ್ರಿಕೆಯ ಹೆಸರಿನ ಬೀದಿಯಲ್ಲಿ ಬಂದು ನಿಂತಿವೆ. ಹೀಗೆ ಆಗಬೇಕೆಂದು ಯಾರೂ ಯೋಚಿಸಿ ಮಾಡಿದ್ದಲ್ಲ.

ಹೊಟ್ಟೆಪಾಡಿಗೆ ಅವನು ಮೊದಲು ಹಿಡಿದದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಪುರೋಹಿತರ ಮಗ ಗೋಂದು ಮೆತ್ತಿದ ಕೈಯಲ್ಲಿ ಇನ್ನೊಬ್ಬರ ಪುಸ್ತಕ ಹೊಲಿಯುತ್ತ ಕೂತ. ಕೈಬರಹದ ಪ್ರತಿ, ಬಿಳಿಯರ ಅಚ್ಚಿನ ಪುಸ್ತಕ ಎರಡೂ ಅವನ ಅಂಗಡಿಗೆ ಬಂದಿರಬೇಕು. ಒಂದೇ ಪುಸ್ತಕವನ್ನು ಒಬ್ಬ ಲಿಪಿಕಾರ ತಿಂಗಳುಗಟ್ಟಲೆ ಬರೆಯುವುದೂ, ಅಚ್ಚಿನಲ್ಲಿ ಅದು ನೂರಾರು ಪ್ರತಿಯಾಗಿ ಬೀಳುವುದೂ ಪಕ್ಕಪಕ್ಕದಲ್ಲಿ ಕಂಡವನಿಗೆ ತಲೆಯಲ್ಲಿ ಏನಾದರೂ ಹೊಳೆಯದೆ ಇರುತ್ತದೆಯೆ? ಇದು ನನ್ನ ಊಹೆ.

ಅಷ್ಟರಲ್ಲಿ ಮುಂಬಯಿಯಲ್ಲಿ ಅಚ್ಚು ಇರಲಿಲ್ಲವೆಂದಲ್ಲ. 1780ರಲ್ಲೇ ರುಸ್ತುಂ ಕೆರ್ಸಾಸ್ಪಜಿ ಎಂಬ ಪಾರ್ಸಿ ಇಲ್ಲಿನ ಬಜಾರಿನಲ್ಲಿ ಇಂಗ್ಲಿಷಿನ ಒಂದು ಕ್ಯಾಲೆಂಡರ್ ಅಚ್ಚು ಹಾಕಿದ್ದ. ಇಂಗ್ಲಿಷ್ ಪತ್ರಿಕೆಗಳು ಹೊರಡುತ್ತಿದ್ದವು. ಅವುಗಳಲ್ಲಿ ಒಂದಾದ ‘ಬಾಂಬೆ ಕೊರಿಯರ್’ನಲ್ಲಿ 1797ರಲ್ಲಿ ಗುಜರಾತಿ ಅಕ್ಷರದ ಜಾಹೀರಾತು ಬಂತು. ಅದಕ್ಕೆ ಮೊಳೆ ಮಾಡಿಕೊಟ್ಟವನು ಬೆಹರಾಮಜಿ ಎಂಬ ಪಾರ್ಸಿ ಕಂಪಾಜಿಟರ್. ಅವನ ಅಡ್ಡಹೆಸರು ಛಾಪ್‌ಗರ್, ಅಂದರೆ ಅಚ್ಚು ಹಾಕುವವನು. ಆದರೆ ಇದೆಲ್ಲ ಬಿಳಿಯರ ಕಾಗದದ ಮೂಲೆಯಲ್ಲಿ ದೇಶಭಾಷೆಗೆ ಕೊಟ್ಟ ನಾಲ್ಕು ಬೆರಳ ಜಾಗ. 1812ರಲ್ಲಿ ಫರ್ದುನ್‌ಜಿ ತೆರೆದದ್ದು ಬೇರೆ: ದೇಶಭಾಷೆಗೇ ಅಂತ ಒಂದು ಛಾಪಖಾನೆ. ಆಗ ಅವನಿಗೆ ಇಪ್ಪತ್ತೈದು ವರ್ಷ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನನಗೆ ಇದೇ ಮುಖ್ಯವಾಗಿ ಕಂಡದ್ದು. ಛಾಪಖಾನೆ ತೆರೆಯಲಿಕ್ಕೆ ಯಂತ್ರ ಕೊಂಡರೆ ಆಯಿತು ಅಂತ ನಾವು ತಿಳಿಯುತ್ತೇವೆ. ಅಕ್ಷರ ಎಲ್ಲಿಂದ ತರುವುದು? ಇಂಗ್ಲಿಷ್ ಮೊಳೆ ವಿಲಾಯತಿಯಿಂದ ಹಡಗಿನಲ್ಲಿ ಬರುತ್ತದೆ. ಗುಜರಾತಿ ಮೊಳೆ ಕೊಳ್ಳೋಣವೆಂದರೆ ಮಾರುವವರೇ ಇಲ್ಲ. ಆದ್ದರಿಂದ ಅವನೇ ಕೊರೆದ.

ಕೊರೆಯುವುದು ಅಂದರೆ ಹೀಗೆ. ಉಕ್ಕಿನ ಸಣ್ಣ ಕಡ್ಡಿ ತೆಗೆದುಕೊಂಡು ಅದರ ತುದಿಯಲ್ಲಿ ಒಂದು ಅಕ್ಷರ ಉಬ್ಬಿ ನಿಲ್ಲುವಂತೆ ಸುತ್ತಲಿನದನ್ನು ಅರದಿಂದ, ಉಳಿಯಿಂದ ಕೆತ್ತಿ ತೆಗೆಯಬೇಕು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರಬೇಕು. ಅದನ್ನು ಕಾಸಿ ಗಟ್ಟಿ ಮಾಡಿ ತಾಮ್ರದ ತುಂಡಿನ ಮೇಲೆ ಇಟ್ಟು ಹೊಡೆದರೆ ತಾಮ್ರದಲ್ಲಿ ಗುಳಿ ಬೀಳುತ್ತದೆ. ಆ ಗುಳಿಗೆ ಕರಗಿಸಿದ ಸೀಸದ ಮಿಶ್ರಣ ಹೊಯ್ದರೆ ಒಂದು ಮೊಳೆ. ಹೀಗೆ ಅ ಒಂದಕ್ಕೇ ಹತ್ತಾರು ಮೊಳೆ ಬೇಕು, ಒಂದು ಪುಟದಲ್ಲಿ ಎಷ್ಟು ಅ ಬರುತ್ತದೋ ಅಷ್ಟು. ಎಲ್ಲದರ ಎತ್ತರ ಒಂದೇ ಇರಬೇಕು, ಒಂದು ಕೂದಲಿನಷ್ಟು ಕಮ್ಮಿಯಾದರೂ ಆ ಅಕ್ಷರ ಕಾಗದದ ಮೇಲೆ ಮೂಡುವುದಿಲ್ಲ. ಸ್ವರ, ವ್ಯಂಜನ, ಮಾತ್ರೆ, ಅರ್ಧಾಕ್ಷರ, ಸಂಯುಕ್ತಾಕ್ಷರ ಎಲ್ಲಕ್ಕೂ ಇದೇ ಪಾಡು. ನಮ್ಮ ಈ ಪತ್ರಿಕೆಗೆ ಸ್ಟೆನ್ಸಿಲ್ ಕೊರೆಯುವಾಗ ಒತ್ತಕ್ಷರ ಬಂದಲ್ಲೆಲ್ಲ ನಾವು ಮೇಣ ಹರಿದು ಬೈದುಕೊಳ್ಳುತ್ತೇವಲ್ಲ, ಹಾಗೆ ಬೈಯಲಿಕ್ಕೂ ಅವನಿಗೆ ಜೊತೆಯಿದ್ದವರು ಕಮ್ಮಿ.

ಇನ್ನೊಂದು ಸಂಗತಿ. ಆ ಕಾಲಕ್ಕೆ ಗುಜರಾತಿ ಲಿಪಿಗೆ ಮರ್ಯಾದೆಯೇ ಇರಲಿಲ್ಲ. ಕಾವ್ಯ, ಶಾಸ್ತ್ರ ಬರೆಯುವಾಗ ಪಂಡಿತರು ದೇವನಾಗರಿ ಹಿಡಿಯುತ್ತಿದ್ದರು. ತಲೆಗೆರೆ ಇಲ್ಲದ ಈ ಅಕ್ಷರ ಅಂಗಡಿಯ ಲೆಕ್ಕಕ್ಕೆ, ಕಾಗದ ಪತ್ರಕ್ಕೆ, ಹುಂಡಿಗೆ. ವಾಣಿಗರ ಲಿಪಿ. ನಮ್ಮ ಕಡೆ ದಫ್ತರದವರು ಬರೆಯುತ್ತಿದ್ದ ಮೋಡಿ ಇತ್ತಲ್ಲ, ಸುಮಾರಾಗಿ ಆ ದರ್ಜೆ. ಫರ್ದುನ್‌ಜಿ ಸೀಸದಲ್ಲಿ ಹೊಯ್ದದ್ದು ಇಂಥ ಅಂಗಡಿ ಅಕ್ಷರವನ್ನು. ಇವತ್ತು ಗುಜರಾತಿ ಕಾವ್ಯವೂ ಅದರಲ್ಲೇ ಅಚ್ಚಾಗುತ್ತದೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇದೆಲ್ಲ ಅವನೊಬ್ಬನಿಂದಲೇ ಆಯಿತೆಂದು ನಾನು ಹೇಳಲಾರೆ, ಆದರೆ ಶುರು ಮಾಡಿದವರಲ್ಲಿ ಅವನು ಮುಂದಿದ್ದ.

ಆ ಮೊಳೆಗಳಿಂದ 1814ರಲ್ಲಿ ಹೊರಬಂದದ್ದು ಪಂಚಾಂಗ, ವಿಕ್ರಮ ಸಂವತ್ 1871ರದ್ದು. ಜಾಣತನ ನೋಡಿ! ಕಾವ್ಯ ಕೊಳ್ಳುವವರು ಎಷ್ಟು ಜನ ಇದ್ದಾರು? ಪಂಚಾಂಗ ಮಾತ್ರ ಎಲ್ಲರ ಮನೆಗೂ ಬೇಕು, ಮುಂದಿನ ವರ್ಷ ಮತ್ತೆ ಬೇಕು. ಮಾರನೆ ವರ್ಷ, 1815ರಲ್ಲಿ, ಅವನು ‘ದಬಿಸ್ತಾನ್’ ಎಂಬ ಫಾರಸಿ ಗ್ರಂಥವನ್ನು ತಾನೇ ಗುಜರಾತಿಗೆ ತಂದು ಅಚ್ಚು ಹಾಕಿದ. ಹದಿನೇಳನೆ ಶತಮಾನದ ಈ ಗ್ರಂಥದಲ್ಲಿ ಇರುವುದು ನಾನಾ ಮತಗಳ ವಿಚಾರ. ಪಂಚಾಂಗ ಹೊಟ್ಟೆಗೆ, ಇದು ಮನಸ್ಸಿಗೆ. ಗುರುವಿನ ಮನೆಯಲ್ಲಿ ಕಲಿತದ್ದು ಸುಮ್ಮನೆ ಹೋಗಲಿಲ್ಲ.

ಆಮೇಲೆ ಏಳು ವರ್ಷ ಬಿಟ್ಟು ಪತ್ರಿಕೆ. ಕಲ್ಕತ್ತೆಯಲ್ಲಿ 1818ರಿಂದ ಬಂಗಾಳಿ ಪತ್ರಿಕೆಗಳಿದ್ದವು. 1822ರ ಏಪ್ರಿಲಿನಲ್ಲಿ ರಾಜಾ ರಾಮಮೋಹನ ರಾಯರು ಫಾರಸಿಯಲ್ಲಿ ‘ಮಿರಾತ್’ ಶುರುಮಾಡಿದ್ದರು. ಅದೇ ವರ್ಷ ಜುಲೈಯಲ್ಲಿ ಇಲ್ಲಿ ‘ಮುಂಬೈನಾ ಸಮಾಚಾರ್’. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಆಗ ಗವರ್ನರ್, ಧಾರವಾಡವೂ ಅವನ ಆಡಳಿತಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ವಾರಕ್ಕೊಂದು ಸಲ, ಸೋಮವಾರ. ಗಾತ್ರ ಹತ್ತು ಇಂಚಿಗೆ ಎಂಟು ಇಂಚು, ಪುರವಣಿ ಸೇರಿ ಹದಿನಾಲ್ಕು ಪುಟ. ನಮ್ಮ ಈ ಪತ್ರಿಕೆಗಿಂತ ಚಿಕ್ಕದೇ. ಅದರಲ್ಲಿ ಏನಿತ್ತು ಅಂತ ನೀವು ಕೇಳಿದರೆ ನಿರಾಶೆಯಾಗಬಹುದು: ಯಾವ ಹಡಗು ಬಂತು, ಯಾವುದು ಹೋಯಿತು, ಯಾವ ಸರಕಿಗೆ ಏನು ಧಾರಣೆ, ಯಾರ ಆಸ್ತಿ ಹರಾಜು. ಕ್ರಾಂತಿಯ ಮಾತು ಇಲ್ಲ. ನನಗೂ ಮೊದಲು ಇಷ್ಟೇನಾ ಅನ್ನಿಸಿತು. ಆಮೇಲೆ ಯೋಚಿಸಿದೆ. ಹಡಗು ಬಂದ ಸುದ್ದಿ ಆವರೆಗೆ ಇಂಗ್ಲಿಷ್ ಓದುವವನಿಗೆ ಮೊದಲು, ಉಳಿದವರಿಗೆ ದಲ್ಲಾಳಿಯ ಬಾಯಿಂದ. ದಲ್ಲಾಳಿ ಹೇಳಿದ್ದೇ ಧಾರಣೆ. ಇನ್ನು ಮೇಲೆ ಬೋಹ್ರಾ, ಭಾಟಿಯಾ, ಪಾರ್ಸಿ ಅಂಗಡಿಯವನು ತನ್ನ ಲೆಕ್ಕದ ಅಕ್ಷರದಲ್ಲೇ ಅದನ್ನು ಓದಿಕೊಳ್ಳಬಹುದು. ಮಾಹಿತಿ ಕೈಗೆ ಬಂದವನ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಹೋಟೆಲಿನ ಗಲ್ಲೆಯಲ್ಲಿ ಕೂತು ಬೆಳಿಗ್ಗೆ ಕನ್ನಡ ಪೇಪರು ಬಿಡಿಸುವ ಅಪ್ಪನನ್ನು ನೋಡಿದರೆ ನನಗೆ ಇದು ಅರ್ಥವಾಗುತ್ತದೆ.

ಪತ್ರಿಕೆ ಹುಟ್ಟಿದಾಗ ಈಗಿನ ಹಾರ್ನಿಮನ್ ಸರ್ಕಲ್ ಇರಲಿಲ್ಲ. ಅಲ್ಲಿದ್ದದ್ದು ಬಾಂಬೆ ಗ್ರೀನ್ ಎಂಬ ಬಯಲು, ಹತ್ತಿಯ ಮೂಟೆ ಪೇರಿಸುವ ಜಾಗ. ಒಂದು ಬದಿಯಲ್ಲಿ ಟೌನ್ ಹಾಲ್ ಏಳುತ್ತಿತ್ತು. ನಾವು ಏಷಿಯಾಟಿಕ್ ಲೈಬ್ರರಿ ಅಂತ ಕರೆಯುವ, ಎತ್ತರದ ಮೆಟ್ಟಿಲಿನ ಅದೇ ಕಟ್ಟಡ. 1821ರಲ್ಲಿ ಶುರುವಾಗಿ, ದುಡ್ಡಿಲ್ಲದೆ ನಿಂತು, ಮುಗಿದದ್ದು 1833ರಲ್ಲಿ. ಫರ್ದುನ್‌ಜಿಯ ಪತ್ರಿಕೆಯ ಹತ್ತು ವರ್ಷ ಪೂರ್ತಿ ಅದು ಅರೆಬರೆ ಕಟ್ಟಡವಾಗಿಯೇ ಇತ್ತು. ಅದು ಮುಗಿಯುವಷ್ಟರಲ್ಲಿ ಅವನು ಮುಂಬಯಿಯಲ್ಲಿ ಇರಲಿಲ್ಲ.

ಯಾಕೆಂದರೆ ಆ ಪಂಚಾಂಗದ ಲೆಕ್ಕ. ಪಾರ್ಸಿಗಳ ವರ್ಷಕ್ಕೆ ಮೂವತ್ತು ದಿನದ ಹನ್ನೆರಡು ತಿಂಗಳು, ಮೇಲೆ ಐದು ದಿನ. ಅಧಿಕಮಾಸ ಇಲ್ಲ. 1720ರ ಸುಮಾರಿಗೆ ಇರಾನಿನಿಂದ ಸೂರತ್ತಿಗೆ ಬಂದ ಪುರೋಹಿತರೊಬ್ಬರು ನೋಡಿದರೆ ಇಲ್ಲಿಯವರ ಪಂಚಾಂಗ ಅಲ್ಲಿಯದಕ್ಕಿಂತ ಒಂದು ತಿಂಗಳು ಹಿಂದೆ! ಹಾಗಾದರೆ ಇಷ್ಟು ಶತಮಾನ ಮಾಡಿದ ಶ್ರಾದ್ಧ, ಪೂಜೆ ಎಲ್ಲ ತಪ್ಪು ತಿಂಗಳಲ್ಲೆ? 1745ರಲ್ಲಿ ಕೆಲವರು ಇರಾನಿನ ಲೆಕ್ಕ ಹಿಡಿದು ಕದ್ಮಿಗಳಾದರು. ಹಳೆಯದನ್ನೇ ಇಟ್ಟುಕೊಂಡವರು ಶಹೆನ್‌ಶಾಹಿಗಳು. ಮುಲ್ಲಾ ಫಿರೋಜರು ಬಾಲ್ಯದಲ್ಲಿ ಇರಾನಿಗೆ ಹೋದದ್ದು ಇದಕ್ಕೇ, ಮುಂದೆ ಅವರು ಕದ್ಮಿಗಳ ದೊಡ್ಡ ಗುರುವಾದರು. 1820ರ ದಶಕದ ಕೊನೆಗೆ ಮುಂಬಯಿಯಲ್ಲಿ ಈ ಜಗಳ ಮತ್ತೆ ಹೊತ್ತಿಕೊಂಡಿತು. ಹಿಂದಿನ ಜಗಳಕ್ಕೂ ಇದಕ್ಕೂ ಒಂದು ಫರಕು, ಈ ಸಲ ಕೈಯಲ್ಲಿ ಅಚ್ಚು ಇತ್ತು. ಎರಡು ಕಡೆಯವರೂ ಪುಸ್ತಕ ಅಚ್ಚು ಹಾಕಿಸಿ ಬೈದಾಡಿದರು. ಒಂದು ತಿಂಗಳಿನ ಪ್ರಶ್ನೆಗೆ ಸಂಬಂಧಗಳೇ ಮುರಿದವು. 1832ರಲ್ಲಿ ‘ಜಾಮೆ ಜಮ್‌ಶೇದ್’ ಎಂಬ ಎದುರಾಳಿ ಪತ್ರಿಕೆಯೂ ಹುಟ್ಟಿತು.

ಫರ್ದುನ್‌ಜಿ ಇದರ ನಡುವೆ ಸಿಕ್ಕಿಬಿದ್ದ. ಮುಂಬಯಿಯಲ್ಲಿ ದೇಶಭಾಷೆಯ ಪಂಚಾಂಗ ಅಚ್ಚು ಹಾಕಿ ಬದುಕು ಕಟ್ಟಿಕೊಂಡವನನ್ನು ಪಂಚಾಂಗದ ಜಗಳವೇ ಕೆಡವಿತು ಅನ್ನುವುದು ಕಥೆಗಾರ ಕಟ್ಟಿದ್ದಾದರೆ ನಾವು ಅತಿಯಾಯಿತು ಅನ್ನುತ್ತಿದ್ದೆವು. ಜೊತೆಗೆ ಹಣದ ನಷ್ಟ. ಗುರು 1830ರಲ್ಲಿ ತೀರಿಕೊಂಡಿದ್ದರು. 1832ರಲ್ಲಿ ಫರ್ದುನ್‌ಜಿ ಪತ್ರಿಕೆ ಬಿಟ್ಟು, ಊರು ಬಿಟ್ಟು, ಪೋರ್ಚುಗೀಸರ ದಮನ್‌ಗೆ ಹೋದ. ಆಗ ವಯಸ್ಸು ನಲವತ್ತೈದು. ಮತ್ತೆ ಹದಿನೈದು ವರ್ಷ ಅಲ್ಲೇ ಇದ್ದು 1847ರಲ್ಲಿ ತೀರಿಕೊಂಡ.

ಈ ಹದಿನೈದು ವರ್ಷ ನನ್ನನ್ನು ಕಾಡುತ್ತದೆ. ಅವನು ಹೋದ ವರ್ಷವೇ ಪತ್ರಿಕೆ ವಾರಕ್ಕೆ ಎರಡು ಸಲ ಆಯಿತು. ಮುಂದೆ 1855ರಿಂದ ದಿನಪತ್ರಿಕೆ. ಅವನ ಕೈ ಬಿಟ್ಟ ಮೇಲೆ ಅದು ಬೆಳೆಯಿತು ಅಂದರೆ ಒರಟಾಗಿ ಕೇಳುತ್ತದೆ, ಆದರೆ ನಡೆದದ್ದು ಹಾಗೆ. ದಮನ್‌ಗೆ ಮುಂಬಯಿಯ ದೋಣಿಗಳು ಬರುತ್ತಿದ್ದವು. ಯಾವುದೋ ದೋಣಿಯಲ್ಲಿ ಹಳೆಯ ಸಂಚಿಕೆ ಒಂದು ಸರಕು ಸುತ್ತಿದ ಕಾಗದವಾಗಿಯಾದರೂ ಅವನ ಕಣ್ಣಿಗೆ ಬಿದ್ದಿರಬಹುದೆ, ತಾನು ಕೊರೆದ ಅಕ್ಷರದ ಗುರುತು ಹತ್ತಿರಬಹುದೆ ಅಂತ ನಾನು ಸುಮ್ಮನೆ ಯೋಚಿಸುತ್ತೇನೆ.

ಅವನು ದಮನ್‌ನಲ್ಲಿ ಇದ್ದಾಗಲೇ ಮುಂಬಯಿಯಿಂದ ತೆಂಕಣಕ್ಕೆ ಇನ್ನೊಂದು ಅಚ್ಚು ಹೋಯಿತು. 1841ರಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ ಪಾದ್ರಿ ಇಲ್ಲಿಂದ ಒಂದು ಕಲ್ಲಚ್ಚಿನ ಯಂತ್ರವನ್ನೂ ಇಬ್ಬರು ಮರಾಠಿ ಮುದ್ರಕರನ್ನೂ ಮಂಗಳೂರಿಗೆ ಕರಕೊಂಡು ಹೋದರು. ಕಲ್ಲಚ್ಚಿಗೆ ಮೊಳೆ ಬೇಡ, ಕಲ್ಲಿನ ಮೇಲೆ ಕೈಯಿಂದ ಬರೆದರೆ ಸಾಕು. 1843ರ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಅದೇ ಕಲ್ಲಚ್ಚಿನಲ್ಲಿ. ಮಾರನೆ ವರ್ಷ ಮೋಗ್ಲಿಂಗರು ಅದನ್ನು ಮೊಳೆ ಅಚ್ಚು ಇದ್ದ ಬಳ್ಳಾರಿಗೆ ಸಾಗಿಸಿ ‘ಕನ್ನಡ ಸಮಾಚಾರ’ ಮಾಡಿದರು. ನಮ್ಮ ಮೊದಲ ಪತ್ರಿಕೆಯ ಯಂತ್ರ ಮುಂಬಯಿಯಿಂದ ಹೋದದ್ದು ಅಂತ ಈ ಊರಿನ ಕನ್ನಡ ವಿದ್ಯಾರ್ಥಿಗಳಾದ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡಕ್ಕೆ ಮೊಳೆ ಇರಲಿಲ್ಲವೆಂದಲ್ಲ, ದೂರದ ಶ್ರೀರಾಮಪುರದಲ್ಲಿ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಅಚ್ಚಾಗಿತ್ತು. ಆದರೆ ಈ ಎರಡೂ ಕೆಲಸ ಪರದೇಶದ ಪಾದ್ರಿಗಳದ್ದು. ಅವರ ಉಪಕಾರ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೂ ಗುಜರಾತಿಯವರಿಗೆ ತಮ್ಮವನೇ ಒಬ್ಬ ರಟ್ಟು ಕಟ್ಟುವವನು ಸಿಕ್ಕಿದ್ದ ಅಂತ ನನಗೆ ಸಣ್ಣ ಹೊಟ್ಟೆಕಿಚ್ಚು.

ಪತ್ರಿಕೆಯ ಮುಂದಿನ ಕಥೆ ಬೇಗ ಮುಗಿಸುತ್ತೇನೆ. ಅದು ಹಲವರ ಕೈ ದಾಟಿ 1933ರಲ್ಲಿ ಕಾಮಾ ಮನೆತನಕ್ಕೆ ಬಂತು. ಅದಕ್ಕೆ ಮುಂಚಿನ ಮಾಲಿಕನ ಅಡ್ಡಹೆಸರು ಬೆಳಗಾಂವ್‌ವಾಲಾ, ಸಾಲ ತೀರಿಸಲಾಗದೆ ಕೈಬಿಟ್ಟ. ಬೆಳಗಾವಿಯ ಹೆಸರು ಇಲ್ಲಿಯೂ ಒಂದು ಜಗಳದಲ್ಲಿ ಬಂತಲ್ಲ ಅಂತ ಗೆಳೆಯನೊಬ್ಬ ನಕ್ಕ. 2022ರಲ್ಲಿ ಇನ್ನೂರು ವರ್ಷ ತುಂಬಿದಾಗ ಅಂಚೆ ಚೀಟಿ ಬಂತು. ಏಷಿಯಾದಲ್ಲೇ ನಿಲ್ಲದೆ ನಡೆದು ಬಂದ ಅತಿ ಹಳೆಯ ಪತ್ರಿಕೆ ಅನ್ನುತ್ತಾರೆ. ಎದುರಾಳಿ ‘ಜಾಮೆ ಜಮ್‌ಶೇದ್’ ಮುಂದೆ ಮರ್ಜಬಾನ್ ಮನೆತನದವರದ್ದೇ ಆಯಿತು. ನಾಟಕಕಾರ ಆದಿ ಮರ್ಜಬಾನರು ಅದರ ಸಂಪಾದಕರಾಗಿದ್ದರು.

ಭಾಷಣ ಮುಗಿದ ವಾರ ಅಪ್ಪನ ರಜೆಯ ದಿನ ಇಬ್ಬರೂ ಆ ಕಡೆ ಹೋದೆವು. ಮರದ ನೆರಳಿನ ದುಂಡು ಉದ್ಯಾನ, ಒಂದು ಕಡೆ ಏಷಿಯಾಟಿಕ್ಕಿನ ಬಿಳಿ ಕಂಬಗಳು, ಈ ಕಡೆ ಕೆಂಪು ಕಟ್ಟಡ. ಸರ್ಕಲಿಗೆ ಬೆಂಜಮಿನ್ ಹಾರ್ನಿಮನ್‌ನ ಹೆಸರು, ಪಕ್ಕದ ರಸ್ತೆಗೆ ಸೈಯದ್ ಅಬ್ದುಲ್ಲಾ ಬ್ರೆಲ್ವಿಯ ಹೆಸರು, ಇಬ್ಬರೂ ‘ಬಾಂಬೆ ಕ್ರಾನಿಕಲ್’ನ ಸಂಪಾದಕರು. ಆಚೆ ರಸ್ತೆಗೆ ಪತ್ರಿಕೆಯದ್ದೇ ಹೆಸರು. ಈ ಕೆಂಪು ಕಟ್ಟಡವನ್ನು ಫರ್ದುನ್‌ಜಿ ಕಂಡವನಲ್ಲ ಅಂತ ಅಪ್ಪನಿಗೆ ಹೇಳಿದೆ. ಹಾಗಾದರೆ ಸ್ಟೇಶನ್ನಿನ ಎದುರಿಗೆ ಮರ್ಜಬಾನ್ ರೋಡ್ ಉಂಟಲ್ಲ, ಅದು ಅವರದ್ದೇ ಅಲ್ವಾ ಅಂತ ಅಪ್ಪ ಕೇಳಿದರು. ಅಲ್ಲ, ಅದು ಮುಂಚೇರ್‌ಜಿ ಮರ್ಜಬಾನ್ ಅಂತ ಆಮೇಲಿನ ಕಾಲದ ಇಂಜಿನಿಯರರದ್ದು ಅಂದೆ. ಅಪ್ಪ ಸ್ವಲ್ಪ ಹೊತ್ತು ಕಟ್ಟಡವನ್ನೇ ನೋಡುತ್ತ ನಿಂತರು. ಆಮೇಲೆ ರಸ್ತೆ ಬದಿಯ ಪೇಪರಿನವನ ಹತ್ತಿರ ಹೋಗಿ, ಓದಲಿಕ್ಕೆ ಬಾರದ ಗುಜರಾತಿ ಪೇಪರು ಒಂದು ಕೊಂಡು, ಮಡಿಸಿ ನನ್ನ ಕೈಗೆ ಕೊಟ್ಟರು.